ಮಕ್ಕಳೇ ಮಾರ್ಕ್ಸ್ ಹಾಕಿಕೊಳ್ಳುತ್ತಾರೆ ಅನ್ನೋದು ನಿಜ ಅಲ್ಲ

"ಇನ್ನು ಮಕ್ಕಳೇ ತಮಗೆ ಮಾರ್ಕ್ಸ್ ಹಾಕಿಕೊಳ್ಳುತ್ತಾರೆ, ಟೀಚರ್ ತಿದ್ದುವುದೇ ಇಲ್ಲ" ಅನ್ನುವ ಮೆಸೇಜ್ ಬೆಂಗಳೂರಿನ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರಗತಿ ಪತ್ರದಲ್ಲಿ ಟೀಚರ್ ಮೌಲ್ಯಮಾಪನದ ಜೊತೆಗೆ ಮಗುವಿನ ಸ್ವಮೌಲ್ಯಮಾಪನವೂ (ತಾನು ಎಷ್ಟು ಕಲಿತೆ ಅಂತ ಮಗುವೇ ಹೇಳುವುದು) ಇರಬೇಕು, ಅಷ್ಟೇ.

ಇದರಿಂದ ಏನು ಲಾಭ? 1/2ಕ್ಕೆ 1/3 ಕೂಡಿಸಿ 2/5 ಅಂತ ತಪ್ಪಾಗಿ ಬರೆದ ಹುಡುಗಿ ಪಕ್ಕದಲ್ಲೇ 'ಛೇದ ಕೂಡಬೇಕಾ ಬೇಡವಾ ಗೊತ್ತಾಗಲಿಲ್ಲ' ಅಂತ ಬರೆದುಕೊಂಡರೆ, ಅವಳು ಎಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತ ಟೀಚರ್‌ಗೆ ತಕ್ಷಣ ತಿಳಿಯುತ್ತದೆ, ಅದನ್ನೇ ಮತ್ತೆ ಹೇಳಿಕೊಡಬಹುದು. ಬರೀ ಸೊನ್ನೆ ಹಾಕಿದರೆ ಇದು ಗೊತ್ತಾಗಲ್ಲ ಅಲ್ವಾ? ಆದರೆ ಸ್ವಮೌಲ್ಯಮಾಪನ ಅಂತ ಮಕ್ಕಳಿಂದ ಸುಮ್ನೆ ನಗುಮುಖದ ಚಿತ್ರಕ್ಕೆ ಟಿಕ್ ಹಾಕಿಸಿದರೆ ಪ್ರಯೋಜನ ಕಮ್ಮಿ. ಒಳ್ಳೆಯ ಉತ್ತರ ಹೇಗಿರುತ್ತದೆ ಅಂತ ಮೊದಲು ಅವರಿಗೆ ತೋರಿಸಬೇಕು. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.