ತುಪ್ಪ ಅಮಾನತು, ಡಾಲ್ಡಾಗೆ ಪ್ರಭಾರ

ವರ್ಗಾವಣೆ ಪಟ್ಟಿ ಓದಿ ಅಭ್ಯಾಸವಿರುವವರಿಗೆ ಪೌಷ್ಟಿಕಾಂಶದ ಸುದ್ದಿ ಹೊಸದೇನಲ್ಲ. ತುಪ್ಪ ಅಮಾನತು. ಮೊಟ್ಟೆಯ ಹಳದಿ ಮೇಲೆ ಇಲಾಖಾ ವಿಚಾರಣೆ. ರಾಗಿಗೆ ಬಡ್ತಿ. ತೆಂಗಿನೆಣ್ಣೆ ಸ್ಥಳ ನಿರೀಕ್ಷಣೆಯಲ್ಲಿ. ಮೈದಾ ವಿರುದ್ಧ ದೂರಿನ ಮೇಲೆ ದೂರು ಬಂದರೂ ಬೇಕರಿಯ ಆಯಕಟ್ಟಿನ ಹುದ್ದೆಯಿಂದ ಅದನ್ನು ಕದಲಿಸಿದವರಿಲ್ಲ. ಪಟ್ಟಿ ಹೊರಬಿದ್ದ ದಿನ ಎಲ್ಲರ ಕಣ್ಣೂ ಎತ್ತಂಗಡಿಯಾದವರ ಹೆಸರಿನ ಮೇಲೆ. ಖಾಲಿಯಾದ ಕುರ್ಚಿಗೆ ಯಾರು ಬಂದು ಕೂತರು ಎಂಬ ಎರಡನೇ ಕಾಲಂ ಓದುವವರು ಕಡಿಮೆ. ಅನಾಹುತಗಳೆಲ್ಲ ಆಗಿರುವುದು ಆ ಎರಡನೇ ಕಾಲಂನಲ್ಲೇ.

ತುಪ್ಪದ ಸೇವಾ ಪುಸ್ತಕ ತೆಗೆಯಿರಿ. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾಯಿತು. ಹೃದಯದ ಕಾಯಿಲೆ ಆ ದೇಶದ ಮನೆಮಾತಾಯಿತು. 1958ರಲ್ಲಿ ಅಲ್ಲಿನ ಸಂಶೋಧಕ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಏಳು ದೇಶಗಳ ಗಂಡಸರ ಊಟವನ್ನೂ ರಕ್ತವನ್ನೂ ಅಳೆಯಲು ಹೊರಟರು. ತುಪ್ಪ, ಬೆಣ್ಣೆ, ಕೊಬ್ಬರಿಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ಆರೋಪಪಟ್ಟಿ ಸಿದ್ಧವಾಯಿತು. ಆ ಏಳರಲ್ಲಿ ಭಾರತ ಇರಲಿಲ್ಲ, ಆದರೆ ಆದೇಶದ ಪ್ರತಿ ಕೆಲವು ದಶಕ ತಡವಾಗಿಯಾದರೂ ದಾವಣಗೆರೆಯ ಬೆಣ್ಣೆಗೆ ಬಂದು ತಲುಪಿತು. ಡಾಕ್ಟರ ಚೀಟಿಯ ಕೊನೆಯಲ್ಲಿ ಷರಾ ಬಿತ್ತು: ತುಪ್ಪ, ಕೊಬ್ಬರಿ, ಮೊಟ್ಟೆ ಬಿಡಿ.

ಕುರ್ಚಿಯ ಪಕ್ಕದಲ್ಲೇ ಡಾಲ್ಡಾ ನಿಂತಿತ್ತು. 1937ರಲ್ಲಿ ಅದು ಬಂದದ್ದು ಆರೋಗ್ಯದ ಹೆಸರಿನಲ್ಲಲ್ಲ, ಅಗ್ಗದ ತುಪ್ಪವಾಗಿ, ದಿನಗೂಲಿಯ ಮೇಲೆ. ತುಪ್ಪದ ಹೆಸರು ಕೆಟ್ಟಾಗ ಸಸ್ಯಜನ್ಯ ಎಂಬ ಒಂದೇ ಸರ್ಟಿಫಿಕೇಟು ತೋರಿಸಿ ಖಾಯಮ್ಮಾಯಿತು. ಅದನ್ನು ಮಾಡುವ ಬಗೆ ಇಷ್ಟು: ಎಣ್ಣೆಗೆ ನಿಕ್ಕಲ್ ಪುಡಿ ಬೆರೆಸಿ, ಚೆನ್ನಾಗಿ ಕಾಯಿಸಿ, ಒತ್ತಡದಲ್ಲಿ ಹೈಡ್ರೋಜನ್ ಹಾಯಿಸುವುದು. ಎಣ್ಣೆಯ ಕೊಬ್ಬಿನ ಸರಪಣಿ ನಡುವೆ ಬಾಗಿರುತ್ತದೆ. ಬಾಗಿದ್ದು ಒತ್ತಾಗಿ ಜೋಡಿಸಿಕೊಳ್ಳದು, ಅದಕ್ಕೇ ಎಣ್ಣೆ ನೀರಾಗಿರುವುದು. ಹೈಡ್ರೋಜನ್ ಸೇರುತ್ತ ಹೋದಂತೆ ಅದು ಗಟ್ಟಿಯಾಗುತ್ತದೆ. ಪೂರ್ತಿ ಹಾಯಿಸಿದರೆ ಮೇಣದ ಹಾಗಾಗುವುದರಿಂದ ಅರ್ಧಕ್ಕೆ ನಿಲ್ಲಿಸುತ್ತಾರೆ. ಹಾಗೆ ಅರ್ಧಕ್ಕೆ ಬಿಟ್ಟಾಗ ಒಂದಷ್ಟು ಸರಪಣಿಗಳು ಹೈಡ್ರೋಜನ್ ಹಿಡಿಯದೆಯೇ ಬಾಗು ಕಳೆದುಕೊಂಡು ನೆಟ್ಟಗಾಗಿಬಿಡುತ್ತವೆ. ಅವೇ ಟ್ರಾನ್ಸ್ ಕೊಬ್ಬು. ತಪ್ಪೆಲ್ಲ ಅರ್ಧಕ್ಕೆ ಬಿಟ್ಟ ಕೆಲಸದಲ್ಲಿತ್ತು. ಇದು ಕೂಡ ಕಚೇರಿಗೆ ಹೊಸತಲ್ಲ.

ಸರ್ಕಾರಕ್ಕೆ ಡಾಲ್ಡಾ ಮೇಲೆ ಅನುಮಾನ ಇರಲಿಲ್ಲವೆಂದಲ್ಲ, ಅನುಮಾನ ಬೇರೆಯದಿತ್ತು. ತುಪ್ಪಕ್ಕೆ ಕಲಬೆರಕೆಯಾಗಿ ಸೇರಿದರೆ ಪತ್ತೆ ಹಚ್ಚುವುದು ಹೇಗೆ? ಡಾಲ್ಡಾದಂಥ ವನಸ್ಪತಿಯಲ್ಲಿ ಶೇ 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂದು ನಿಯಮ ಮಾಡಿದರು. ಕರಗಿಸಿದ ತುಪ್ಪಕ್ಕೆ ಅಷ್ಟೇ ಪ್ರಮಾಣದ ಗಾಢ ಹೈಡ್ರೋಕ್ಲೋರಿಕ್ ಆಮ್ಲ, ಕೆಲವು ಹನಿ ಫರ್‌ಫ್ಯೂರಾಲ್ ಹಾಕಿ ಎರಡು ನಿಮಿಷ ಕುಲುಕಿ ಬಿಟ್ಟು ತಳದ ಆಮ್ಲ ನೋಡುವುದು. ಕೆಂಪಗಾದರೆ ಎಳ್ಳೆಣ್ಣೆ ಇದೆ, ಅಂದರೆ ಡಾಲ್ಡಾ ಬೆರೆತಿದೆ. ತನ್ನ ಮೋಸದ ಸಾಕ್ಷಿಯನ್ನು ಸದಾ ಜೇಬಿನಲ್ಲೇ ಇಟ್ಟುಕೊಂಡಿರಬೇಕೆಂಬ ಷರತ್ತಿನ ಮೇಲೆ ಕೆಲಸ ಮಾಡಿದ ನೌಕರ ಇನ್ನೊಬ್ಬನಿಲ್ಲ. ತುಪ್ಪದ ವೇಷ ಹಾಕಿದರೆ ಹಿಡಿಯಲು ವ್ಯವಸ್ಥೆ ಇತ್ತು. ತನ್ನದೇ ವೇಷದಲ್ಲಿ ರಕ್ತನಾಳಕ್ಕೆ ಇಳಿದರೆ ಕೇಳುವವರಿರಲಿಲ್ಲ.

1990ರಲ್ಲಿ ನೆದರ್‌ಲ್ಯಾಂಡ್ಸಿನ ಇಬ್ಬರು ಸಂಶೋಧಕರು ಕೇಳಿದರು. ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟೆರಾಲನ್ನು ಏರಿಸುವುದಷ್ಟೇ ಅಲ್ಲ, ಒಳ್ಳೆಯದನ್ನು ಇಳಿಸುತ್ತದೆ ಎಂದು ಗೊತ್ತಾಯಿತು. ತುಪ್ಪಕ್ಕೆ ಈ ಎರಡನೇ ಕಲೆ ಬರುತ್ತಿರಲಿಲ್ಲ. ನಮ್ಮಲ್ಲಿ ಕ್ರಮ ಕೈಗೊಂಡದ್ದು ಸಾವಕಾಶವಾಗಿ: ಮೊದಲು ಎಣ್ಣೆ ಕೊಬ್ಬುಗಳಲ್ಲಿ ಶೇ 10 ಇರಬಹುದು ಎಂದರು, ಆಮೇಲೆ 5, 2021ಕ್ಕೆ 3, 2022ರ ಜನವರಿಗೆ 2. ಪ್ಯಾಕೆಟ್ಟಿನ ಮೇಲೆ ‘ಟ್ರಾನ್ಸ್ ಫ್ಯಾಟ್ ಮುಕ್ತ’ ಎಂದು ಬರೆಯಲು 100 ಗ್ರಾಂ ತಿನಿಸಿನಲ್ಲಿ ಅದು 0.2 ಗ್ರಾಂಗಿಂತ ಕಡಿಮೆ ಇದ್ದರೆ ಸಾಕು. ಬೋಂಡಾ ಗಾಡಿಗೆ ಪ್ಯಾಕೆಟ್ಟೇ ಇಲ್ಲ, ಹಾಗಾಗಿ ಆ ಚಿಂತೆಯೂ ಇಲ್ಲ. ಅಲ್ಲಿನ ಬಾಣಲೆಗೆ ಬೇರೆ ನಿಯಮವಿದೆ: ಪದೇಪದೇ ಕಾದು ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ 25 ಮೀರಿದರೆ ಎಣ್ಣೆ ಚೆಲ್ಲಬೇಕು. 2018ರ ಜುಲೈನಿಂದ ಇದು ಜಾರಿಯಲ್ಲಿದೆ. ಅಳೆಯಲು ಮೀಟರೂ ಉಂಟು. ಮೀಟರ್ ಇಲ್ಲದವರು ನೋಡಬೇಕಾದ್ದು ಮೂರು: ಬಣ್ಣ ಕಾಫಿ ಡಿಕಾಕ್ಷನ್ನಿನತ್ತ ತಿರುಗಿದೆಯೇ, ಹಿಟ್ಟು ಬಿಟ್ಟಾಗ ಎದ್ದ ನೊರೆ ಇಳಿಯದೆ ಅಂಚಿಗೆ ಅಂಟಿದೆಯೇ, ಉರಿ ಸಣ್ಣದಿದ್ದರೂ ಹೊಗೆ ಬರುತ್ತಿದೆಯೇ. ಮೂರಕ್ಕೂ ಹೌದು ಎಂದಾದರೆ ಆ ಗಾಡಿಯ ಮಾಲೀಕ ಅದಕ್ಕೆ ಇನ್ನರ್ಧ ಲೀಟರ್ ಹೊಸ ಎಣ್ಣೆ ಸುರಿಯುತ್ತಾನೆ.

ಸರಿ, ಡಾಲ್ಡಾ ಹೋಯಿತು. ಎರಡನೇ ಕಾಲಂ? ಬಿಸ್ಕತ್ತು, ಬನ್ನು, ಪಫ್ಸು, ಎಲ್ಲ ಕಡೆಯೂ ತಾಳೆ ಎಣ್ಣೆ. ಹೈಡ್ರೋಜನ್ ಹಾಯಿಸದೆಯೇ ಅರೆಗಟ್ಟಿಯಾಗಿರುವುದು ಅದರ ಗುಣ, ಏಕೆಂದರೆ ಅದರ ಹತ್ತಿರಹತ್ತಿರ ಅರ್ಧ ಭಾಗ ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲಿ ಅದು ಶೇ 60ರ ಆಸುಪಾಸು. ಶೇ 60 ಇದೆಯೆಂದು ಮನೆಯ ತುಪ್ಪವನ್ನು ಕಳಿಸಿ, ನಡುವೆ ಒಬ್ಬ ಪುಂಡನಿಗೆ ಪ್ರಭಾರ ಕೊಟ್ಟು, ಕೊನೆಗೆ ಶೇ 50ರವನನ್ನು ತಂದು ಕೂರಿಸಿದಂತಾಯಿತು. ಪರಿಮಳ ಹೋದದ್ದೇ ಲಾಭ.

ಅಮೆರಿಕದಲ್ಲಿ ಕೊಬ್ಬಿನ ಕುರ್ಚಿಗೆ ಸಕ್ಕರೆ, ಹಿಟ್ಟುಗಳು ಬಂದವು. 1960ರ ದಶಕದಲ್ಲಿ ಅಲ್ಲಿನ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಹಾರ್ವರ್ಡ್‌ನವರಿಗೆ 6,500 ಡಾಲರ್ ಕೊಟ್ಟು ದೋಷವನ್ನು ಕೊಬ್ಬಿನ ಕಡೆಗೆ ದೂಡುವ ವಿಮರ್ಶೆ ಬರೆಸಿತ್ತು. 1967ರಲ್ಲಿ ಅಚ್ಚಾದದ್ದರ ಹಿನ್ನೆಲೆ ಬಯಲಾದದ್ದು 2016ರಲ್ಲಿ. ಇಷ್ಟು ಅಗ್ಗಕ್ಕೆ ನಮ್ಮಲ್ಲಿ ತಾಲ್ಲೂಕು ಮಟ್ಟದ ವರ್ಗಾವಣೆಯೂ ಆಗುವುದಿಲ್ಲ. 1992ರ ಅವರ ಆಹಾರ ಪಿರಮಿಡ್ಡಿನ ತಳದಲ್ಲಿ ದಿನಕ್ಕೆ 6ರಿಂದ 11 ಪಾಲು ಬ್ರೆಡ್ಡು, ಅನ್ನ, ಪಾಸ್ತಾ ಇತ್ತು. 2011ರಲ್ಲಿ ಪಿರಮಿಡ್ ತೆಗೆದು ತಟ್ಟೆ ಇಟ್ಟರು. 2026ರ ಜನವರಿಯಲ್ಲಿ ಪಿರಮಿಡ್ ಮರಳಿ ಬಂತು, ಈ ಸಲ ತಲೆಕೆಳಗಾಗಿ.

ಇಷ್ಟೆಲ್ಲ ಗದ್ದಲದಲ್ಲಿ ಹಳೆಯ ಆರೋಪಪಟ್ಟಿ ಮಾತ್ರ ರದ್ದಾಗಿಲ್ಲ. ಸ್ಯಾಚುರೇಟೆಡ್ ಕೊಬ್ಬು ದಿನದ ಶಕ್ತಿಯಲ್ಲಿ ಶೇ 10 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೂ ಹೇಳಿದೆ. 2,000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ. ಐದು ಗ್ರಾಮಿನ ಟೀ ಚಮಚ ತುಪ್ಪದಲ್ಲಿ ಅಂಥದ್ದು ಸುಮಾರು 3 ಗ್ರಾಂ. ಬಿಸಿ ಅನ್ನಕ್ಕೆ ಎರಡು ಚಮಚ ಹಾಕಿಕೊಂಡವರಿಗೆ ಗಂಡಾಂತರವಿಲ್ಲ. ಹೋಳಿಗೆಯನ್ನು ತುಪ್ಪದ ಬಟ್ಟಲಿನಲ್ಲಿ ಮುಳುಗಿಸಿ ಎತ್ತುವವರಿಗೆ, ಹಾಲು ಮೊಸರು ಕಾಯಿಚಟ್ನಿಯ ಲೆಕ್ಕವೂ ಸೇರಿ, ಮಧ್ಯಾಹ್ನಕ್ಕೇ ಕೋಟಾ ಮುಗಿಯುತ್ತದೆ. ಅದರ ಜಾಗಕ್ಕೆ ಕಡಲೆಕಾಯಿ, ಸೂರ್ಯಕಾಂತಿ, ಕುಸುಬೆ ಎಣ್ಣೆ ಬಂದರೆ ಹೃದಯಕ್ಕೆ ಅನುಕೂಲ. ಸಕ್ಕರೆ, ಮೈದಾ ಬಂದರೆ ಏನೂ ಉಪಯೋಗವಿಲ್ಲ. ಈ ಎರಡನೇ ಕಾಲಂ ಸಂಶೋಧಕರಿಗೆ ಗೊತ್ತು. ‘ತುಪ್ಪ ತಿಂದರೆ ತೂಕ ಇಳಿಯುತ್ತದೆ’ ಎಂದು ಫೋನಿಗೆ ಬರುವ ವಿಡಿಯೊಗೆ ಗೊತ್ತಿಲ್ಲ. ಅದು ಹೊರಡಿಸಿದ್ದು ಅಮಾನತು ರದ್ದತಿಯ ಆದೇಶವಲ್ಲ, ನೇರವಾಗಿ ಮುಖ್ಯ ಕಾರ್ಯದರ್ಶಿಯ ನೇಮಕ.

ತೆಂಗಿನೆಣ್ಣೆಯದೂ ಇದೇ ಪಾಡು. 2018ರಲ್ಲಿ ಹಾರ್ವರ್ಡ್ ಪ್ರಾಧ್ಯಾಪಕಿಯೊಬ್ಬರು ಜರ್ಮನಿಯ ಉಪನ್ಯಾಸದಲ್ಲಿ ಅದನ್ನು ‘ಶುದ್ಧ ವಿಷ’ ಎಂದರು. ನಮ್ಮ ತೋಟಗಾರಿಕೆ ಆಯುಕ್ತರು ಪ್ರತಿಭಟಿಸಿ ಪತ್ರ ಬರೆದರು. ಅದೇ ಹೊತ್ತಿಗೆ ಅಂತರ್ಜಾಲದಲ್ಲಿ ಅದೇ ಎಣ್ಣೆ ಕೊಬ್ಬು ಕರಗಿಸುವ ಔಷಧಿಯಾಗಿತ್ತು. ಹಾಗೆ ಹೊಗಳಿದ ಪ್ರಯೋಗಗಳು ನಡೆದದ್ದು 8 ಮತ್ತು 10 ಇಂಗಾಲದ ಕೊಬ್ಬಿನಾಮ್ಲಗಳನ್ನೇ ಬೇರ್ಪಡಿಸಿ ಮಾಡಿದ ವಿಶೇಷ ಎಣ್ಣೆಯಲ್ಲಿ. ನಮ್ಮ ಬಾಟಲಿಯಲ್ಲಿ ಅವು ಶೇ 15ರ ಆಸುಪಾಸು ಮಾತ್ರ. ಒಬ್ಬರ ಗೌಪ್ಯ ವರದಿಯನ್ನು ಇನ್ನೊಬ್ಬರ ಕಡತಕ್ಕೆ ಅಂಟಿಸಿ ಬಡ್ತಿ ಕೇಳಿದಂತೆ. ಕುಂದಾಪುರದ ಅಡುಗೆಮನೆ ಎರಡೂ ಆದೇಶಗಳನ್ನು ‘ನೋಡಿದೆ’ ಎಂದು ಸಹಿ ಹಾಕಿ ಪಕ್ಕಕ್ಕಿಟ್ಟು, ಒಗ್ಗರಣೆಗೆ ಎಂದಿನ ಎಣ್ಣೆಯನ್ನೇ ಹಾಕಿತು.

ಮೊಟ್ಟೆಯ ಹಳದಿಯ ವಿಚಾರಣೆ 47 ವರ್ಷ ನಡೆಯಿತು. ವಾರಕ್ಕೆ ಮೂರೇ ಹಳದಿ ಎಂದು ಅಮೆರಿಕದ ಹೃದ್ರೋಗ ಸಂಘ ಹೇಳಿದ್ದು 1968ರಲ್ಲಿ. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟೆರಾಲ್ ಎಂಬ ಮಿತಿಯನ್ನು ಅಲ್ಲಿನ ಸರ್ಕಾರಿ ಮಾರ್ಗಸೂಚಿ ಕೈಬಿಟ್ಟದ್ದು 2015ರ ಆವೃತ್ತಿಯಲ್ಲಿ. ಒಂದು ಹಳದಿಯಲ್ಲಿ ಸುಮಾರು 186 ಮಿಲಿಗ್ರಾಂ ಇದೆ ನಿಜ, ಆದರೆ ರಕ್ತದ ಕೊಲೆಸ್ಟೆರಾಲಿನ ಬಹುಪಾಲನ್ನು ಯಕೃತ್ತು ತಾನೇ ತಯಾರಿಸುತ್ತದೆ. ಜಿಮ್ಮುಗಳಿಗೆ ಮಾತ್ರ ಆದೇಶ ಇನ್ನೂ ತಲುಪಿಲ್ಲ. ಅಲ್ಲಿ ಪ್ರೋಟೀನಿಗೆಂದು ಮೊಟ್ಟೆ ಒಡೆದು, ಅದರ ಆರು ಗ್ರಾಂ ಪ್ರೋಟೀನಿನಲ್ಲಿ ಎರಡೂವರೆ ಗ್ರಾಂ ಇರುವ ಹಳದಿಯನ್ನು ಚೆಲ್ಲಿ, ಕಮ್ಮಿ ಬಿದ್ದದ್ದಕ್ಕೆ ಡಬ್ಬಿಯ ಪುಡಿ ಕಲಸುತ್ತಾರೆ. ನಮ್ಮ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಪರ್ಯಾಯವಾಗಿ ಬಂದ ಶೇಂಗಾ ಚಿಕ್ಕಿಯನ್ನು 2025ರಲ್ಲಿ ತೆಗೆದರು; ಕೊಬ್ಬು, ಸಕ್ಕರೆ ಜಾಸ್ತಿ ಎಂಬುದು ದೂರು. ಶೇಂಗಾದಲ್ಲಿ ಕೊಬ್ಬು ಇಲ್ಲದಿದ್ದರೆ ಅದನ್ನು ಗಾಣಕ್ಕೆ ಹಾಕುವವರು ಯಾರು?

ರಾಗಿಯ ಕಡತ ಎಲ್ಲಕ್ಕಿಂತ ಹಳೆಯದು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಶ್ರೀರಾಮ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಹಾಗೇ ಇರುತ್ತದೆ. ಎರಡು ಗುಂಪು, ನಿಗದಿತ ಅವಧಿ, ಪ್ರಾಯೋಜಕರಿಲ್ಲ. ಇಷ್ಟು ಶುದ್ಧ ಪ್ರಯೋಗ ಆಮೇಲೂ ಹೆಚ್ಚು ನಡೆದಿಲ್ಲ. (ಸಾಬೀತಾದದ್ದು ಕಣಜದ ಬಾಳಿಕೆಯೇ ಹೊರತು ಪೌಷ್ಟಿಕತೆಯಲ್ಲ ಎಂದು ಭತ್ತದ ಕಡೆಯ ವಕೀಲರು ವಾದಿಸಬಹುದು, ಅದರಲ್ಲಿ ಹುರುಳಿದೆ.) ಗೆದ್ದರೂ ರಾಗಿ ಸರ್ಕಾರಿ ದಾಖಲೆಯಲ್ಲಿ ‘ಒರಟು ಧಾನ್ಯ’, ಡಿ ದರ್ಜೆ. 2018ರಲ್ಲಿ ರಾಜ್ಯಪತ್ರದ ಮೂಲಕ ‘ಪೌಷ್ಟಿಕ ಧಾನ್ಯ’ವಾಯಿತು, 2023ರ ಬಜೆಟ್ಟಿನಲ್ಲಿ ‘ಶ್ರೀ ಅನ್ನ’. ಅನ್ನವೆಂದರೆ ಮುದ್ದೆ ತಿನ್ನುವ ಸೀಮೆಯಲ್ಲಿ ಅಕ್ಕಿಯದೇ. ಕೇಸು ಗೆದ್ದವನಿಗೆ ಸೋತವನ ಹೆಸರಿಟ್ಟು ಸನ್ಮಾನ ಮಾಡಿದ ಉದಾಹರಣೆ ಬೇರೆಲ್ಲಿದೆ?

ರಾಗಿಯ ಸಿಪ್ಪೆ ಒಳತಿರುಳಿಗೆ ಬಿಗಿಯಾಗಿ ಅಂಟಿದೆ, ತಿರುಳು ಮೆದು. ಅಕ್ಕಿಯ ಗಿರಣಿಗೆ ಕೊಟ್ಟರೆ ಸಿಪ್ಪೆ ಹೋಗುವ ಮುಂಚೆ ಕಾಳೇ ಪುಡಿಯಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ಇಡಿಯಾಗಿ ಬೀಸಿದರು, 100 ಗ್ರಾಮಿಗೆ 340 ಮಿಲಿಗ್ರಾಂ ಮೀರಿದ ಸುಣ್ಣದಂಶ ಹೊಟ್ಟೆಗೆ ಹೋಯಿತು. ಪಾಲಿಶ್ ಹಚ್ಚಲು ಬಾರದ ನೌಕರ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆವಿಯಲ್ಲಿ ಬೇಯಿಸಿ ಒಣಗಿಸಿ ಕಾಳನ್ನು ಗಟ್ಟಿ ಮಾಡಿ ಸಿಪ್ಪೆ ತೆಗೆಯುವ ಉಪಾಯ ಕಂಡುಹಿಡಿಯಿತು, ಆ ಮಾತು ಬೇರೆ. ನವಣೆ, ಸಾಮೆಗಳಿಗೆ ಆ ರಕ್ಷಣೆಯಿಲ್ಲ. ತವುಡಿನ ಎಣ್ಣೆ ಕಮಟು ಹಿಡಿಯುತ್ತದೆಂದು ಅಂಗಡಿಯವರು ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿಸುತ್ತಾರೆ. ಅಕ್ಕಿ ಬಿಟ್ಟು ಸಿರಿಧಾನ್ಯ ಹಿಡಿದವರು ಮೂರು ಪಟ್ಟು ಬೆಲೆ ಕೊಟ್ಟು ಅದೇ ತವುಡಿಲ್ಲದ ಪಿಷ್ಟ ತಿನ್ನುತ್ತಾರೆ. ಕೊಳ್ಳುವಾಗ ಅಂಗೈಯಲ್ಲಿ ಉಜ್ಜಿ ನೋಡಿ: ಮಾಸಲು ಬಣ್ಣ, ಸ್ವಲ್ಪ ತವುಡಿನ ಪುಡಿ ಅಂಟಬೇಕು. ‘ರಾಗಿ ಬಿಸ್ಕತ್ತು’ ಕೊಂಡರೆ ಹಿಂಬದಿ ನೋಡಿ. ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ ಆಗಿದ್ದರೆ ರಾಗಿ ಅಲ್ಲಿ ನಿಯೋಜನೆಯ ಮೇಲಿದೆ, ಸಹಿ ಹಾಕುವ ಅಧಿಕಾರವಿಲ್ಲ.

ಇರದ ಹುದ್ದೆಯಲ್ಲೇ ಸಂಬಳ ಎಣಿಸಿದವರೂ ಇದ್ದಾರೆ. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಗಳು ದಶಕಗಟ್ಟಲೆ ‘ಹೆಲ್ತ್ ಡ್ರಿಂಕ್’ ಆಗಿದ್ದವು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ಹುದ್ದೆಯೇ ಇಲ್ಲವೆಂದು 2024ರ ಏಪ್ರಿಲಿನಲ್ಲಿ ನೆನಪಾಗಿ, ಆನ್‌ಲೈನ್ ಅಂಗಡಿಗಳು ಆ ಬೋರ್ಡು ತೆಗೆಯಬೇಕೆಂದು ಕೇಂದ್ರ ಹೇಳಿತು. ಕುರ್ಚಿ ಈಗ ಪ್ರೋಟೀನಿಗೆ. 2010ರ ಲೆಕ್ಕದಲ್ಲಿ 60 ಕಿಲೊ ಗಂಡಸಿಗೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕಿತ್ತು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆ ಗಂಡಸಿನ ತೂಕವನ್ನು 65 ಕಿಲೊಗೆ ಏರಿಸಿ ಪ್ರೋಟೀನನ್ನು 54 ಗ್ರಾಮಿಗೆ ಇಳಿಸಿತು. ಸಂಸ್ಥೆ ಇಳಿಸಿತು, ಮಾರುಕಟ್ಟೆ ಏರಿಸಿತು. ಐಸ್‌ಕ್ರೀಮಿಗೂ ಈಗ ಪ್ರೋಟೀನು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ 17 ಸೂತ್ರಗಳ ಮಾರ್ಗಸೂಚಿ ಪ್ರೋಟೀನ್ ಪುಡಿಗಳನ್ನು ದೂರವಿಡಿ ಎಂದಿತು. ಅದೂ ಸುದ್ದಿಯಾಯಿತು. ಜೊತೆಗೆ ಸುದ್ದಿಯಾದದ್ದು ಕಾಫಿ: ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕುಡಿಯಬೇಡಿ, ಅದರಲ್ಲಿನ ಟ್ಯಾನಿನ್ ಕಬ್ಬಿಣದಂಶವನ್ನು ಹಿಡಿದಿಡುತ್ತದೆ. 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ದಿನದ ಮಿತಿ 300. ಅದೇ ಕಾಫಿಗೆ ಈಗ ಬೆಂಗಳೂರಿನ ಕೆಫೆಗಳಲ್ಲಿ, ಬೆಳಗಿನ ತಿಂಡಿಗೆ ಬದಲಾಗಿ, ಒಂದು ದೊಡ್ಡ ಚಮಚ ತುಪ್ಪ ಹಾಕುತ್ತಾರೆ. ಬ್ಲೆಂಡರಿನಲ್ಲಿ ಅರ್ಧ ನಿಮಿಷ ತಿರುಗಿಸಿದರೆ ಕೆನೆಯಂತೆ ಬೆರೆಯುತ್ತದೆ. ತಿರುಗಿಸದೆ ಚಮಚದಲ್ಲಿ ಕದಡಿದರೆ, ಅಷ್ಟು ವರ್ಷ ಅಮಾನತಿನಲ್ಲಿದ್ದು ಬಂದ ತುಪ್ಪ ಎಲ್ಲಿ ಕೂರಬೇಕೆಂದು ತಿಳಿಯದೆ ಲೋಟದ ಮೇಲೆ ಹಳದಿ ಬಿಲ್ಲೆಗಳಾಗಿ ತೇಲುತ್ತಿರುತ್ತದೆ.