ಸ್ಪಷ್ಟನೆ: ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಆನ್ ಮಾಡಬೇಡಿ

ಬೆಳಗಾವಿಯ ಆರ್ಕೆಸ್ಟ್ರಾ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರ್) ಬಗ್ಗೆ ಒಂದು ಮೆಸೇಜ್ ಓಡಾಡ್ತಿದೆ: ‘ಹಳೇ ಟ್ಯೂಬ್ ಬಾಸ್ ಆಂಪ್ ನೋಡೋಕೆ ಸ್ಪೀಕರ್ ಬೇಕಿಲ್ಲ. ಆನ್ ಮಾಡಿ, ಟ್ಯೂಬ್ ಕೆಂಪಗಾದರೆ ಮಾಲು ಸರಿ ಇದೆ.’ ಅದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ಟ್ರಾನ್ಸಿಸ್ಟರ್ ಆಂಪ್‌ಗೆ ಸ್ಪೀಕರ್ ಇಲ್ಲದಿದ್ದರೂ ಸಾಮಾನ್ಯವಾಗಿ ಏನೂ ಆಗಲ್ಲ. ಆ ರೂಢಿಯಲ್ಲೇ ಬರೆದುಬಿಟ್ಟೆ. ಟ್ಯೂಬ್ ಆಂಪ್‌ನ ಕಥೆ ಬೇರೆ. ಅದರಲ್ಲಿ ಟ್ಯೂಬಿಗೂ ಸ್ಪೀಕರಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತೆ. ಸ್ಪೀಕರ್ ಇಲ್ಲದೆ ಬಾಸ್ ಗಿಟಾರ್ ನುಡಿಸಿದರೆ ಶಕ್ತಿಗೆ ಹೋಗಲು ದಾರಿಯಿಲ್ಲ, ಟ್ರಾನ್ಸ್‌ಫಾರ್ಮರಿನಲ್ಲೇ ವೋಲ್ಟೇಜ್ ವಿಪರೀತ ಏರುತ್ತೆ. ಒಳಗೆ ಕಿಡಿ ಹಾರಿ ಸುರುಳಿ ಸುಟ್ಟುಹೋಗಬಹುದು, ಟ್ಯೂಬ್ ಸಾಕೆಟ್ ಕೂಡ. ವಾಲ್ಯೂಮ್ ಸೊನ್ನೆಗಿಟ್ಟರೆ ಅಪಾಯ ಕಡಿಮೆ, ನಿಜ. ಆದರೆ ಹಳೇ ಆಂಪ್ ಒಳಗೇ ತಾನಾಗಿ ಊಳಿಡುವುದೂ ಉಂಟು, ಅದು ವಾಲ್ಯೂಮ್ ನಾಬಿನ ಮಾತು ಕೇಳಬೇಕಲ್ವಾ?

1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಅನ್ನೋ ಟ್ಯೂಬ್ ಬಾಸ್ ಆಂಪನ್ನೇ ನೋಡಿ. 300 ವಾಟ್, 14 ಟ್ಯೂಬ್. ಇಬ್ಬರು ಸೇರಿ ಎತ್ತುವಷ್ಟು ಭಾರ, ಅದರಲ್ಲಿ ಹೆಚ್ಚಿನದು ಟ್ರಾನ್ಸ್‌ಫಾರ್ಮರುಗಳದೇ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬದಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಇನ್ನು ಕೆಂಪು ಬೆಳಕು. ಅದು ಟ್ಯೂಬ್ ಒಳಗಿನ ಹೀಟರ್ ಬಿಸಿಯಾಗಿದೆ ಅಂತ ಮಾತ್ರ ಹೇಳುತ್ತೆ. ಅಜ್ಜನ ವಾಲ್ವ್ ರೇಡಿಯೋ ಕೂಡ ಕೆಂಪಗಾಗುತ್ತಿತ್ತು, ಮಾತಾಡ್ತಿರಲಿಲ್ಲ!

ಸರಿ ಕ್ರಮ ಇಷ್ಟೆ: ಆಂಪ್ ಹಿಂದೆ ಬರೆದ ಓಮ್‌ಗೆ (ವಿದ್ಯುತ್ ತಡೆಯ ಅಳತೆ) ಹೊಂದುವ ಸ್ಪೀಕರ್ ಕ್ಯಾಬಿನೆಟ್ ಮೊದಲು ಜೋಡಿಸಿ, ಆಮೇಲೆ ಸ್ವಿಚ್. ಅಮೆರಿಕದ 120 ವೋಲ್ಟ್ ಆಂಪ್ ಆದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಹಾಕಲೇಬೇಡಿ.

ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿಬಿಡಿ.