ಐದು ಸಲ ಒಂದೇ ತಪ್ಪು

ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಮಲೆನಾಡಿನಲ್ಲಿ ಇದೇನು ಹೇಳಿಕೊಳ್ಳುವ ವಿಷಯವಲ್ಲ ಬಿಡಿ. ತೋಟದ ಮನೆ ಅಂದಮೇಲೆ ದೋಟಿ ಇರುತ್ತದೆ, ಕಂಬಳಿಕೊಪ್ಪೆ ಇರುತ್ತದೆ, ಹಾಗೇ ಒಂದು ಒಂಟಿನಳಿಗೆ ಕೋವಿಯೂ ಇರುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅದು ಅಪ್ಪಯ್ಯನ ಕೋಣೆಯ ಕಪಾಟಿನೊಳಗೆ, ಹಳೇ ಪಂಚಾಂಗ ಮತ್ತು ತೋಟದ ಪಹಣಿಗಳ ಪಕ್ಕ, ಬೀಗ ಹಾಕಿಸಿಕೊಂಡು ನಿಂತಿದೆ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೊರಗೆ ಬಂದು ಕತ್ತಿ, ಹಾರೆ, ಪಿಕಾಸಿ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನ ಜೊತೆ ಸಾಲಾಗಿ ಮಲಗಿ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಚುನಾವಣೆ ಬಂದರೆ ಠಾಣೆಗೆ ಹೋಗಿ ಕೂರುತ್ತದೆ. ನೀತಿ ಸಂಹಿತೆ ಜಾರಿಯಾಯಿತು ಅಂತ ನಮಗೆ ಟಿವಿ ನೋಡಿ ಗೊತ್ತಾಗುತ್ತದೆ, ಮಂಗಗಳಿಗೆ ಹೇಗೆ ಗೊತ್ತಾಗುತ್ತದೋ ಕಾಣೆ, ಕೋವಿ ಠಾಣೆ ಸೇರಿದ ಮಾರನೇ ದಿನವೇ ಬಾಳೆಗೊನೆ ಹತ್ತಿರ ಹಾಜರ್.

ಇಷ್ಟು ವರ್ಷ ಆ ಕೋವಿ ಇರುವ ಮನೆಯಲ್ಲಿ ಬೆಳೆದೂ ನಾನು ಒಂದೇ ಒಂದು ಈಡು ಹೊಡೆದವನಲ್ಲ. ಚಿಕ್ಕವನಿದ್ದಾಗ ಮುಟ್ಟಿದರೆ ಅಪ್ಪಯ್ಯ ಕೈ ಮುರಿಯುವುದು ಗ್ಯಾರಂಟಿ ಇತ್ತು. ಆಮೇಲೆ ಓದು, ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸ, ಅಲ್ಲೇ ಮನೆ. ಈಗ ಅಪ್ಪಯ್ಯನಿಗೆ 76. ಪರವಾನಗಿದಾರರಿಗೆ 70 ತುಂಬಿದರೆ ಕೋವಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಆದರೆ 2016ರ ಆಯುಧ ನಿಯಮಗಳು ಬಂದಮೇಲೆ, ಬಂದೂಕನ್ನು ಜೋಪಾನವಾಗಿ ಹಿಡಿಯಲು ಕಲಿತಿದ್ದೇನೆ ಅಂತ ಒಂದು ಪ್ರಮಾಣಪತ್ರವೂ ಬೇಕು. "ಕಲಿಯೋದೇನಿದೆ ಅದರಲ್ಲಿ, ನಾನೇನು ಕಾಲೇಜಿಗೆ ಹೋಗಿದ್ನಾ?" ಅಂದರು ಅಪ್ಪಯ್ಯ. ಅಂತೂ ಒಂದು ಶನಿವಾರ ಬೆಳಗ್ಗೆ ಆರು ಗಂಟೆಗೆ, 46ನೇ ವಯಸ್ಸಿನಲ್ಲಿ, ಮಗಳ ಹಳೇ ಯೋಗದ ಚಾಪೆ ಸುತ್ತಿಕೊಂಡು ನಾನು ನಾಗರಿಕರ ಬಂದೂಕು ತರಬೇತಿಗೆ ಹೊರಟೆ.

ಮಂಜು ಬಿದ್ದಿತ್ತು. ನಾವು ಹನ್ನೆರಡು ಜನ. ಅರ್ಧಕ್ಕಿಂತ ಜಾಸ್ತಿ ನಮ್ಮ ಹಾಗೇ ತೋಟದವರು, ಮಂಗ ಮತ್ತು ಹಂದಿಯ ಸಂತ್ರಸ್ತರು. ಒಬ್ಬರು ನಿವೃತ್ತ ಮೇಷ್ಟ್ರು, ಯಾಕೆ ಬಂದಿದ್ದಾರೆ ಅಂತ ಕೇಳಿದರೆ "ಸುಮ್ನೆ" ಅಂದರು. ಸೆಕ್ಯೂರಿಟಿ ಕೆಲಸಕ್ಕೆ ಸೇರಬೇಕೆಂದಿದ್ದ ಇಬ್ಬರು ಹುಡುಗರು. ಒಬ್ಬಳು ಎನ್‌ಸಿಸಿ ಹುಡುಗಿ, ಅವಳೊಬ್ಬಳೇ ಸರಿಯಾದ ಶೂ ಹಾಕಿಕೊಂಡು ಬಂದವಳು. ಕಲಿಸುವ ಸಾಹೇಬರು ಗದಗದ ಕಡೆಯವರು, ನಮ್ಮೆಲ್ಲರನ್ನೂ "ಸರ" ಅನ್ನುತ್ತಲೇ ಗದರಿಸುವ ಕಲೆ ಅವರಿಗೆ ಚೆನ್ನಾಗಿ ಒಲಿದಿತ್ತು.

ಹೋದ ಕೂಡಲೇ ಢಂ ಢಂ ಅಂತ ಹೊಡೆಯುವುದು ಅಂದುಕೊಂಡಿದ್ದೆ. ಮಧ್ಯಾಹ್ನದವರೆಗೆ ಒಂದು ಗುಂಡೂ ಕಣ್ಣಿಗೆ ಬೀಳಲಿಲ್ಲ. ಬಂದೂಕು ಯಾವತ್ತೂ ತುಂಬಿದೆ ಅಂತಲೇ ತಿಳಿಯಬೇಕು, ಹೊಡೆಯಬಾರದ ಕಡೆಗೆ ಮೂತಿ ತಿರುಗಿಸಲೇಬಾರದು, ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ, ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಇಷ್ಟನ್ನೇ ಇಪ್ಪತ್ತು ಸಲ. ಒಬ್ಬರ ಕೈಯಿಂದ ಒಬ್ಬರಿಗೆ ಬಂದೂಕು ಹೋಗುವಾಗ ಕೊಡುವವನು ಬೋಲ್ಟ್ ಎಳೆದು ಖಾಲಿ ಅಂತ ತೋರಿಸಬೇಕು, ತೆಗೆದುಕೊಳ್ಳುವವನು ಅವನನ್ನು ನಂಬದೆ ತಾನೂ ನೋಡಬೇಕು. ಇದು ಮಾತ್ರ ನನಗೆ ಕೂಡಲೇ ತಲೆಗೆ ಹೋಯಿತು. ಕ್ಯಾಶ್ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ ಅಲ್ವಾ. ಸ್ವಂತ ತಮ್ಮ ತಂದುಕೊಟ್ಟ ಕಂತೆಯಾದರೂ ಎಣಿಸದೆ ಡ್ರಾಯರಿಗೆ ಹಾಕುವಂತಿಲ್ಲ.

ನಮಗೆ ಕೊಟ್ಟಿದ್ದು ಪಾಯಿಂಟ್ ಟೂ ಟೂ ರೈಫಲ್. ಗುಂಡಿನ ಅಡ್ಡಳತೆ ಸುಮಾರು 5.6 ಮಿಲಿಮೀಟರ್, ಅಂದರೆ ದಪ್ಪ ಕಾಳುಮೆಣಸಿನಷ್ಟು. "ಸಣ್ಣದೈತಿ ಅಂತ ಆಟ ಆಡಬ್ಯಾಡ್ರಿ ಸರ, ಒಂದು ಮೈಲಿ ದಾಟಿ ಹೋಗ್ತೈತಿ" ಅಂದರು ಸಾಹೇಬರು. ನಮ್ಮ ಮನೆಯ ಕೋವಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾಗಿದ್ದು ಅವತ್ತೇ. ಕೋವಿಯ ನಳಿಗೆ ಒಳಗೆ ನುಣ್ಣಗಿರುತ್ತದೆ, ಚರೆ ಹರಡಿಕೊಂಡು ಹೋಗುತ್ತದೆ. ರೈಫಲ್ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರುಗಳಿರುತ್ತವೆ, ರೈಫಲ್ ಅನ್ನುವ ಹೆಸರು ಬಂದದ್ದೇ ಆ ಗೀರುಗಳಿಂದ. ಅದರಲ್ಲಿ ತಿರುಗಿಕೊಂಡು ಹೊರಬೀಳುವ ಗುಂಡು ಬುಗುರಿಯ ಹಾಗೆ ಸುತ್ತುತ್ತಾ ಹೋಗುವುದರಿಂದ ದಾರಿಯಲ್ಲಿ ಮಗುಚಿಕೊಳ್ಳುವುದಿಲ್ಲ.

ಮಧ್ಯಾಹ್ನ ಪುಳಿಯೋಗರೆ ತಿಂದು ಬಂದ ಮೇಲೆ ಖಾಲಿ ಬಂದೂಕಿನ ಪಾಠ. ಹೊಟ್ಟೆ ಮೇಲೆ ಮಲಗಿ, ಕಾಲು ಅಗಲಿಸಿ, ಎಡಮೊಣಕೈ ಬಂದೂಕಿನ ಕೆಳಗೆ ಊರಿ, ಹಿಡಿಯನ್ನು ಬಲಭುಜದ ಗುಳಿಗೆ ಒತ್ತಿ, ಕೆನ್ನೆ ಮರಕ್ಕೆ ತಾಗಿಸಿ ಮಲಗಬೇಕು. ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಾರೆ. ನಾಣ್ಯ ಬೀಳದ ಹಾಗೆ ಟ್ರಿಗರ್ ಒತ್ತಬೇಕು. ಎಳೆಯುವಂತಿಲ್ಲ, ಒತ್ತಬೇಕು, ಅದೂ ಯಾವಾಗ ಸಿಡಿಯಿತು ಅಂತ ನಿಮಗೇ ಗೊತ್ತಾಗದಷ್ಟು ನಿಧಾನಕ್ಕೆ. ನನ್ನ ನಾಣ್ಯ ಹನ್ನೊಂದು ಸಲ ಬಿತ್ತು. ಪಕ್ಕದಲ್ಲಿದ್ದ ಸಾಗರದ ತೋಟದವರೊಬ್ಬರು "ಅಡಿಕೆ ಇಟ್ಟು ನೋಡೋಣ" ಅಂದು ಜೇಬಿನಿಂದ ತೆಗೆದೂ ಬಿಟ್ಟರು. ಸಾಹೇಬರು ನೋಡಿದ ನೋಟಕ್ಕೆ ಅಡಿಕೆ ನೇರ ಬಾಯಿಗೆ ಹೋಯಿತು.

ಗುರಿ ಹಿಡಿಯುವುದಕ್ಕೆ ಅವರು "ಶಿಸ್ತ್" ಅನ್ನುತ್ತಾರೆ. ಶಿಸ್ತ್ ಲೇ ಅಂದರೆ ಗುರಿ ಹಿಡಿ ಅಂತ. ನಾನು ಮೊದಲು ಅಂಗಿ ಸರಿಮಾಡಿಕೊಂಡೆ. ನಮಗೆ ಶಿಸ್ತು ಅಂದರೆ ಶಾಲೆಯ ಅಸೆಂಬ್ಲಿ ಸಾಲು, ಇಲ್ಲ ಅಂದರೆ ಶಿವಪ್ಪನಾಯಕನ ಶಿಸ್ತು. ಶಿವಮೊಗ್ಗದಲ್ಲಿ ಓದಿದವರಿಗೆ ಇದು ಪರೀಕ್ಷೆಗೆ ಬರುವ ಪ್ರಶ್ನೆ: 1645ರಿಂದ 1660ರವರೆಗೆ ಕೆಳದಿಯನ್ನು ಆಳಿದ ಶಿವಪ್ಪನಾಯಕ ಭೂಮಿಯನ್ನು ಮಣ್ಣಿನ ಗುಣ ನೋಡಿ ದರ್ಜೆ ಮಾಡಿ, ಬೆಳೆಯ ಲೆಕ್ಕ ಹಿಡಿದು ಕಂದಾಯ ಗೊತ್ತುಮಾಡಿದ. ಆ ಪದ್ಧತಿಗೇ ಶಿಸ್ತು ಅಂತ ಹೆಸರು. ಕಂದಾಯಕ್ಕೂ, ಗುರಿಗೂ, ಅಂಗಿ ಗುಂಡಿ ಹಾಕಿಕೊಳ್ಳುವುದಕ್ಕೂ ಒಂದೇ ಪದ! ಇದನ್ನು ಯೋಚಿಸುತ್ತಾ ಮಲಗಿದ್ದಾಗ "ಸರ, ನಿದ್ದಿ ಬಂತೇನ್ರಿ" ಅಂತ ಕೇಳಿಸಿತು.

ಶಿಸ್ತು ಹಿಡಿಯುವುದರಲ್ಲಿ ನನಗೆ ತೀರಾ ವಿಚಿತ್ರ ಅನ್ನಿಸಿದ್ದು ಒಂದೇ. ಕಣ್ಣಿನ ಹತ್ತಿರ ಹಿಂದಿನ ಸೈಟು, ನಳಿಗೆಯ ತುದಿಯಲ್ಲಿ ಮುಂದಿನ ಸೈಟಿನ ಮೊನೆ, 25 ಮೀಟರ್ ಆಚೆ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆಯ ಮೇಲೆ ಕಾಗದದ ಟಾರ್ಗೆಟ್. ಮೂರನ್ನೂ ಒಂದು ಗೆರೆಗೆ ತರಬೇಕು, ಆದರೆ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಚೆನ್ನಾಗಿ ನೋಡಬಲ್ಲದು. ಹಾಗಿದ್ದರೆ ಯಾವುದನ್ನು ನೋಡಬೇಕು? ಹೊಡೆಯಬೇಕಾದ್ದನ್ನು ಅಂತ ಯಾರಾದರೂ ಹೇಳುತ್ತಾರೆ, ನಾವು ಹನ್ನೆರಡು ಜನವೂ ಹಾಗೇ ಹೇಳಿದೆವು. ಅಲ್ಲವಂತೆ. ಮುಂದಿನ ಮೊನೆ ಸ್ಪಷ್ಟವಾಗಿ ಕಾಣಬೇಕು, ಟಾರ್ಗೆಟ್ ಮಂಜು ಮಂಜಾಗಿರಬೇಕು. ಗುರಿಯನ್ನು ನೋಡುತ್ತಾ ಕೂತರೆ ಮೊನೆ ಎಲ್ಲಿಗೆ ಜಾರಿತು ಅಂತ ಗೊತ್ತೇ ಆಗುವುದಿಲ್ಲ, ಮೊನೆ ಕೂದಲೆಳೆಯಷ್ಟು ಸರಿದರೂ ಅಲ್ಲಿ ಗುಂಡು ಎಲ್ಲೋ ಹೋಗುತ್ತದೆ. ಎನ್‌ಸಿಸಿ ಹುಡುಗಿಗೆ ಇದು ಕಷ್ಟವಾಯಿತು, ಅವಳ ಕಣ್ಣು ಚುರುಕು, ಟಾರ್ಗೆಟ್ ಕಂಡೇ ಕಾಣುತ್ತಿತ್ತು. ನನಗೆ ಮಾತ್ರ ಸಲೀಸು. ಹೋದ ವರ್ಷ ಚಾಳೀಸು ಬಂದಿದೆ. ಚಾಳೀಸು ಹಾಕಿಕೊಂಡರೆ ಮೊನೆ ಚೆಂದ ಕಾಣುತ್ತಿತ್ತು, ಟಾರ್ಗೆಟ್ ಇರಲಿ, ಗುಡ್ಡವೂ ಮಂಜೇ.

ಭಾನುವಾರ ಬೆಳಗ್ಗೆ ಕೆಂಪು ಬಾವುಟ ಏರಿತು. ಅದು ಹಾರುತ್ತಿದ್ದರೆ ಗುಂಡು ಹೊಡೆಯುತ್ತಿದ್ದಾರೆ, ಆ ಕಡೆ ಹೋಗಬೇಡಿ ಅಂತ. ಎರಡನೇ ಸರದಿ ನನ್ನದು. ಮಲಗಿದೆ. ಐದು ಗುಂಡು ಕೊಟ್ಟರು, ಒಂದೊಂದಾಗಿ ತುಂಬಿ ಒಂದೊಂದಾಗಿ ಹೊಡೆಯಬೇಕು. ಉಸಿರು ತೆಗೆದುಕೊಂಡರೆ ಮೊನೆ ಮೇಲೆ ಕೆಳಗೆ ಆಡುತ್ತದೆ, ತೊಟ್ಟಿಲ ಹಾಗೆ. ಅರ್ಧ ಉಸಿರು ಬಿಟ್ಟು ಅಲ್ಲೇ ನಿಲ್ಲಿಸಿದೆ. ಈಗ ಮೊನೆ ನಿಂತಿತು ಅಂದುಕೊಂಡರೆ ಸಣ್ಣಗೆ ತಟ್ ತಟ್ ಅಂತ ಕುಪ್ಪಳಿಸುತ್ತಿದೆ. ಅದು ನನ್ನ ಎದೆಬಡಿತ. ಅಷ್ಟರಲ್ಲಿ ಎಡಗೈ ಮಣಿಕಟ್ಟಿನ ಮೇಲೆ ಏನೋ ಹರಿದಂತಾಯಿತು. ಮೇಲೆ ಮಾವಿನ ಮರ, ಅದರಿಂದ ಉದುರಿದ ಒಂದು ಚಗಳಿ ಇರುವೆ. ಕೆಂಪಗೆ, ಸೊಂಟ ಎತ್ತಿಕೊಂಡು, ಗಡಿಯಾರದ ಬೆಲ್ಟಿನ ಅಂಚಿನಲ್ಲಿ ನಿಂತು ನನ್ನನ್ನೇ ನೋಡುತ್ತಿದೆ. ಚಗಳಿ ಚಟ್ನಿ ಎಷ್ಟು ತಿಂದಿದ್ದೇನೆ, ಅದರ ಲೆಕ್ಕ ಚುಕ್ತಾ ಮಾಡಲು ಬಂದಿತ್ತೇನೋ. ಕೈ ತೆಗೆಯುವಂತಿಲ್ಲ, ಕೊಡವುವಂತಿಲ್ಲ, ಕೂಗುವಂತಿಲ್ಲ. ಅದು ಕಚ್ಚುವುದಕ್ಕೂ ಬಂದೂಕು ಸಿಡಿಯುವುದಕ್ಕೂ ಸರಿಹೋಯಿತು. ಯಾವಾಗ ಸಿಡಿಯಿತು ಅಂತ ನನಗೇ ಗೊತ್ತಾಗಲಿಲ್ಲ, ಪಾಠದಲ್ಲಿ ಹೇಳಿದ್ದೂ ಅದನ್ನೇ ತಾನೆ.

ಸದ್ದು ಮಾತ್ರ ನಿರಾಸೆ. ಟಪ್ ಅಂತ, ತೆಂಗಿನ ಹೆಡೆಮಟ್ಟೆ ಸೀಳಿದ ಹಾಗೆ. ಅಪ್ಪಯ್ಯನ ಕೋವಿ ಹೊಡೆದರೆ ಎದುರು ಗುಡ್ಡಕ್ಕೆ ಬಡಿದು ಮೂರು ಸಲ ವಾಪಸ್ ಬರುತ್ತದೆ.

ಐದೂ ಮುಗಿದು, ಬಂದೂಕು ಖಾಲಿ ಅಂತ ತೋರಿಸಿ, ಎಲ್ಲರೂ ಸೇರಿ ಟಾರ್ಗೆಟ್ ನೋಡಲು ಹೋದೆವು. ನನ್ನ ಕಾಗದದ ನಡುವಿನ ಕಪ್ಪು ಬೊಟ್ಟು ಹಾಲಿನಲ್ಲಿ ತೊಳೆದ ಹಾಗೆ ಹಾಗೇ ಇತ್ತು. ಎಡಗಡೆ ಕೆಳಮೂಲೆಯಲ್ಲಿ ಮಾತ್ರ ಐದು ತೂತು, ಒಂದು ಬೆಂಕಿಪೊಟ್ಟಣ ಇಟ್ಟರೆ ಐದೂ ಮುಚ್ಚಿಹೋಗುವಷ್ಟು ಹತ್ತಿರ. ನಾಚಿಕೆಯಾಯಿತು. ಸಾಹೇಬರು ಬಂದು ಬಗ್ಗಿ ನೋಡಿ, "ಸರ, ನೀವು ಐದು ಸಲ ಒಂದ ತಪ್ಪು ಮಾಡೀರಿ. ಭಾಳ ಚಲೋ ಆತು" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. "ಗ್ರೂಪ್ ಬಿದ್ದೈತಿ. ಬೆರಳು ಜಗ್ಗಾಕತ್ತೀರಿ, ಅದಕ್ಕ ಎಡಕ್ಕ ಕೆಳಗ ಹೋಗ್ಯಾವ. ಇದನ್ನ ಸರಿ ಮಾಡಬಹುದು. ಅವರದು ನೋಡ್ರಿ, ಒಂದು ಬುಲ್‌ಗೆ ಹೊಡದಾರ, ಉಳಿದ ನಾಕು ಊರೆಲ್ಲಾ ಅಡ್ಡಾಡ್ಯಾವ. ಆ ಒಂದು ಯಾಕ ಬಿತ್ತು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ." ಆ ಒಂದನ್ನು ಹೊಡೆದ ಮೇಷ್ಟ್ರು ಅಷ್ಟು ಹೊತ್ತು ಮೊಬೈಲಿನಲ್ಲಿ ಅದರ ಫೋಟೋ ತೆಗೆಯುತ್ತಿದ್ದರು, ಮೆಲ್ಲಗೆ ಜೇಬಿಗಿಟ್ಟರು.

ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತೀರಿ ಅಂತ ನನ್ನ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಅದಕ್ಕೆ ಭಾಳ ಚಲೋ ಆತು ಅಂದವರು ಇವರೇ ಮೊದಲು. ಆದರೆ ಯೋಚಿಸಿದರೆ ಸರಿಯೇ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡಲಿಲ್ಲ ಅಂದರೆ, ದಿನಾ ಅಷ್ಟೇ ಮೊತ್ತ ವ್ಯತ್ಯಾಸ ಬಂದರೆ ಖುಷಿಯಾಗುತ್ತದೆ, ಎಲ್ಲೋ ಒಂದೇ ಎಂಟ್ರಿ ತಪ್ಪಿದೆ, ಸಿಗುತ್ತದೆ. ಒಂದು ದಿನ ನೂರು ಜಾಸ್ತಿ, ಒಂದು ದಿನ ಎಪ್ಪತ್ತು ಕಡಿಮೆ, ಮತ್ತೊಂದು ದಿನ ತಾನಾಗಿ ಸರಿಹೋಯಿತು ಅಂದರೆ ಮಾತ್ರ ರಾತ್ರಿ ಒಂಬತ್ತಾದರೂ ಮನೆಗೆ ಹೋಗುವ ಹಾಗಿಲ್ಲ. ತಾನಾಗಿ ಸರಿಹೋದ ದಿನವೇ ಜಾಸ್ತಿ ಭಯ. ಸಾಹೇಬರು ಆಮೇಲೆ ದೊಡ್ಡ ಗುರಿಕಾರರ ಕಥೆಯನ್ನೂ ಹೇಳಿದರು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಅರ್ಧ! ನಾವು ಪೆನ್ನಿನಲ್ಲಿ ಇಡುವ ಪೂರ್ಣವಿರಾಮ. ಕೊನೆಯ ಗುಂಡಿಗೆ ಅವರು ತೆಗೆದದ್ದು 10.8. ಪ್ಯಾರಿಸ್‌ನಲ್ಲಿ 2024ರಲ್ಲಿ 50 ಮೀಟರ್ ರೈಫಲ್‌ಗೆ ಕಂಚು ತಂದ ಸ್ವಪ್ನಿಲ್ ಕುಸಾಳೆ ಆಗ ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದವರು. ಇದನ್ನು ಹೇಳಿದಾಗ ಬ್ಯಾಂಕಿನವನಾದ ನನಗೆ ಒಂದು ಕ್ಷಣ ಏನೇನೋ ಆಸೆ ಹುಟ್ಟಿದ್ದನ್ನು ಮುಚ್ಚಿಡುವುದಿಲ್ಲ.

ಕೊನೆಗೆ ಹೊರಡುವ ಹೊತ್ತಿಗೆ ಒಂದು ರಾದ್ಧಾಂತ. ಆಮೇಲಿನ ಇನ್ನೊಂದು ಸುತ್ತೂ ಸೇರಿ ಹನ್ನೆರಡು ಜನಕ್ಕೆ ಹತ್ತು ಹತ್ತು ಗುಂಡಿನಂತೆ ಒಟ್ಟು 120 ಗುಂಡು ಕೊಟ್ಟಿದ್ದರು. ಪ್ರತಿ ಗುಂಡಿನ ಖಾಲಿ ಕೇಸನ್ನೂ ವಾಪಸ್ ಎಣಿಸಿ ಕೊಡಬೇಕು, ಖೋಕಾ ಅನ್ನುತ್ತಾರೆ ಅದಕ್ಕೆ. ಎಣಿಸಿದರೆ 119. ಮತ್ತೆ ಎಣಿಸಿದರೂ 119. ಸಾಹೇಬರ ಮುಖದ ನಗು ಹೋಯಿತು. ಹನ್ನೆರಡು ಜನವೂ ಮೊಣಕಾಲೂರಿ ಹುಲ್ಲು ಬಗೆದು ಹುಡುಕಿದ್ದೇ ಹುಡುಕಿದ್ದು, ಬಿದ್ದಡಿಕೆ ಹೆಕ್ಕಿ ಅಭ್ಯಾಸವಿದ್ದ ತೋಟದವರು ಸಾಲು ಹಿಡಿದು ಮುಂದೆ, ಉಳಿದವರು ಹಿಂದೆ. ಉಗುರಿನಷ್ಟು ಹಿತ್ತಾಳೆ, ಬಿಸಿಲಿಗೆ ಒಣಗಿದ ಎಲೆಯೂ ಅದೇ ಬಣ್ಣ. ಇಪ್ಪತ್ತು ನಿಮಿಷ ಆದಮೇಲೆ ಎನ್‌ಸಿಸಿ ಹುಡುಗಿ, "ಅಂಕಲ್, ನಿಮ್ಮ ಚಾಪೆ ಬಿಚ್ಚಿ" ಅಂದಳು. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಯೋಗದ ಚಾಪೆಯ ಮೊದಲ ಸುತ್ತಿನಲ್ಲೇ ಇತ್ತು. ಯಾರೂ ಏನೂ ಹೇಳಲಿಲ್ಲ. ಸಾಗರದವರು ಮಾತ್ರ ಬೈಕು ಸ್ಟಾರ್ಟ್ ಮಾಡುತ್ತಾ "ಬ್ಯಾಂಕಿನವರು ನೋಡಿ" ಅಂದು ಹೋದರು.

ಮುಂದಿನ ವಾರ ಊರಿಗೆ ಹೋದಾಗ ಪ್ರಮಾಣಪತ್ರ ತೋರಿಸಿದೆ. ಅಪ್ಪಯ್ಯ ಅದನ್ನು ದೂರ ಹಿಡಿದು ಓದಿ, "ಎಷ್ಟು ಬಿತ್ತು?" ಅಂದರು. ಗ್ರೂಪ್ ಅಂದರೇನು ಅಂತ ವಿವರಿಸಿದೆ. ಅವರಿಗೆ ರುಚಿಸಲಿಲ್ಲ. ಐವತ್ತು ವರ್ಷದಲ್ಲಿ ಅಪ್ಪಯ್ಯ ಹೊಡೆದ ಈಡೆಲ್ಲಾ ಆಕಾಶಕ್ಕೇ, ಮಂಗಕ್ಕೆ ಬೇಕಾಗಿರುವುದು ಸದ್ದು ಅನ್ನುವುದು ಅವರ ವಾದ, ಮಂಗಕ್ಕೆ ಹೊಡೆಯಲು ಕಾನೂನೂ ಬಿಡುವುದಿಲ್ಲ, ಆಂಜನೇಯನೂ ಬಿಡುವುದಿಲ್ಲ. ಸರಿ, ಕಲಿತದ್ದನ್ನಾದರೂ ತೋರಿಸೋಣ ಅಂತ ಅಂಗಳದಲ್ಲಿ ಅಡಿಕೆ ಒಣಗಿಸುವ ತಟ್ಟಿಯ ಪಕ್ಕ ಹೊಟ್ಟೆ ಮೇಲೆ ಮಲಗಿದೆ. ಕೋವಿ ಇನ್ನೂ ನನ್ನ ಹೆಸರಿಗೆ ಬಂದಿಲ್ಲ, ಹಾಗಾಗಿ ಕೈಯಲ್ಲಿ ಮುರಿದ ದೋಟಿಯ ತುಂಡು. ಕಾಲು ಅಗಲಿಸಿ, ಮೊಣಕೈ ಊರಿ, ಕೆನ್ನೆ ತಾಗಿಸಿ, ಅರ್ಧ ಉಸಿರು ಬಿಟ್ಟು ಹಿಡಿದೆ. ನಾಯಿ ಬಂದು ಕಿವಿ ಮೂಸಿತು.

ಅಪ್ಪಯ್ಯ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಅಷ್ಟೂ ಹೊತ್ತು ನೋಡಿದರು.

"ನೀನು ಮಲಗಿ ಏಳೋದ್ರೊಳಗೆ ಅದು ಗೊನೆ ಮುಗಿಸಿ, ಸಿಪ್ಪೆ ನಿನ್ನ ಬೆನ್ನ ಮೇಲೆ ಹಾಕಿ ಹೋಗಿರುತ್ತೆ ಮಾರಾಯ" ಅಂದರು.